ಮಂಡಿನೋವಿಗೆ ತುರುಚೆ ಸೊಪ್ಪು ಸವರುವ ಮುಂಚೆ ಇದನ್ನು ಓದಿ: ಹಿಮಾಲಯದ ಬಿಚ್ಚು ಘಾಸ್ ಬಳಸುವ ಸಮಗ್ರ ಮಾರ್ಗದರ್ಶಿ

ಕಳೆದ ಮಳೆಗಾಲದಲ್ಲಿ ಊರಿಂದ ದೊಡ್ಡಮ್ಮನ ಫೋನ್ ಬಂತು. "ನಿಮ್ ದೊಡ್ಡಪ್ಪ ಮಂಡಿಗೆ ತುರುಚೆ ಸೊಪ್ಪು ಉಜ್ಕೊಂಡು ಕೂತವ್ರೆ, ಕಾಲು ನೋಡಕ್ಕಾಯ್ತಿಲ್ಲ, ಬೇಗ ಬಾ" ಅಂದರು. ನಮ್ಮೂರು ಪಾಂಡವಪುರದ ಹತ್ತಿರ, ನಾನಿರುವುದು ಮೈಸೂರಿನಲ್ಲಿ. ನಾನು ಹೋಗಿ ನೋಡುವಷ್ಟರಲ್ಲಿ ಎರಡೂ ಮಂಡಿ ಕೆಂಪಗೆ ಊದಿ, ಅಲ್ಲಲ್ಲಿ ಬೊಬ್ಬೆ ಎದ್ದಿತ್ತು. ಪಾಪ, ಅವರ ತಪ್ಪೇನೂ ಇಲ್ಲ. ಯಾರೋ ಕಳಿಸಿದ ವಿಡಿಯೋದಲ್ಲಿ "ನೆಟಲ್ ಎಲೆ ಕೀಲುನೋವಿಗೆ ರಾಮಬಾಣ, ಇದೇ ನಮ್ಮ ತುರುಚೆ ಗಿಡ" ಅಂತ ಹೇಳಿದ್ದರು. ಕಬ್ಬಿನ ಗದ್ದೆ ಬೇಲಿಯಲ್ಲಿ ತುರುಚೆ ಬೇಕಾದಷ್ಟಿದೆ. ಕಿತ್ತು ತಂದು ಉಜ್ಜಿಕೊಂಡರು.

ತೊಂದರೆ ಏನೆಂದರೆ, ಆ ವಿಡಿಯೋದ ಗಿಡ ಬೇರೆ, ನಮ್ಮ ಬೇಲಿಯ ಗಿಡ ಬೇರೆ. ಎರಡೂ ಚುಚ್ಚುತ್ತವೆ ಅನ್ನುವುದು ಬಿಟ್ಟರೆ ಅವು ನೆಂಟರೂ ಅಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಜವಾದ ನೆಟಲ್, ಅಂದರೆ ಹಿಮಾಲಯದ ಬಿಚ್ಚು ಘಾಸ್, ಬಹಳ ಒಳ್ಳೆಯ ಸೊಪ್ಪು. ನಮ್ಮ ಅಕ್ಕನ ಮನೆಯವರು ಸೈನ್ಯದಲ್ಲಿದ್ದು ಉತ್ತರಾಖಂಡದ ರಾಣಿಖೇತ್‌ಗೆ ವರ್ಗವಾಗಿದ್ದಾಗ ನಾನು ಒಂದು ತಿಂಗಳು ಅಲ್ಲಿದ್ದೆ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು, ಅಲ್ಲಿಯವರು ಅಜ್ಜಿಯನ್ನು ಆಮಾ ಅಂತ ಕರೆಯುತ್ತಾರೆ. ಈ ಸೊಪ್ಪನ್ನು ಕೀಳುವುದು, ಬೇಯಿಸುವುದು, ಒಣಗಿಸುವುದು ಎಲ್ಲಾ ಅವರೇ ಹೇಳಿಕೊಟ್ಟರು. ಅಲ್ಲಿ ಕಲಿತಿದ್ದು, ಆಮೇಲೆ ಮೈಸೂರಿಗೆ ಬಂದು ಮಾಡಿ ನೋಡಿದ್ದು, ಡಾಕ್ಟರ ಹತ್ತಿರ ಕೇಳಿ ತಿಳಿದಿದ್ದು, ಎಲ್ಲಾ ಇಲ್ಲಿ ಹೇಳುತ್ತೇನೆ.

ಮೊದಲನೆಯದು: ಗಿಡ ಗುರುತು ಹಿಡಿಯುವುದು

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಮಿಕ್ಕ ಎಲ್ಲದಕ್ಕಿಂತ ಇದೇ ಮುಖ್ಯ.

ಔಷಧಿಗೆ ಬಳಸುವ ನೆಟಲ್‌ನ ಶಾಸ್ತ್ರೀಯ ಹೆಸರು ಅರ್ಟಿಕಾ ಡಯೋಯಿಕಾ. ಹಿಂದಿಯಲ್ಲಿ ಬಿಚ್ಚು ಘಾಸ್ ಅಂತಾರೆ, ಅಂದರೆ ಚೇಳಿನ ಹುಲ್ಲು. ಉತ್ತರಾಖಂಡದ ಗಢ್ವಾಲದಲ್ಲಿ ಕಂಡಾಳಿ, ಅದೇ ರಾಜ್ಯದ ಕುಮಾವ್ ಕಡೆ ಸಿಸೂಣ್, ನೇಪಾಳದಲ್ಲಿ ಸಿಸ್ನು. ತಂಪು ಬೆಟ್ಟದ ಗಿಡ ಇದು. ನಮ್ಮ ಮಂಡ್ಯ, ಮೈಸೂರಿನ ಬಯಲಲ್ಲಿ ತಾನಾಗಿ ಬೆಳೆಯುವುದಿಲ್ಲ. ಹಾಗಾಗಿ ನಿಮ್ಮ ಹೊಲದ ಬದುವಿನಲ್ಲಿ ಕೈಗೆ ಚುರ್ ಅಂದರೆ, ಅದು ಇದಲ್ಲ ಅಂತಲೇ ಇಟ್ಟುಕೊಳ್ಳಿ.

ನಮ್ಮ ಬೇಲಿಯಲ್ಲಿರುವ ತುರುಚೆ ಒಂದು ಬಳ್ಳಿ. ಬೇಲಿ ಗಿಡಕ್ಕೆ ಸುತ್ತಿಕೊಂಡು ಹತ್ತುತ್ತದೆ. ಇದು ಹರಳು ಗಿಡದ ಕುಟುಂಬದ್ದು, ಕಾಯಿಯೂ ಪುಟ್ಟ ಹರಳು ಕಾಯಿಯ ಹಾಗೆ ಮೂರು ಹೋಳಾಗಿರುತ್ತದೆ. ಶಾಸ್ತ್ರೀಯ ಹೆಸರು ಟ್ರೇಜಿಯಾ ಇನ್ವೊಲುಕ್ರೇಟಾ. ಆಯುರ್ವೇದದಲ್ಲಿ ಇದಕ್ಕೆ ವೃಶ್ಚಿಕಾಲಿ ಅನ್ನುವ ಹೆಸರಿದೆ. ವೃಶ್ಚಿಕ ಅಂದರೂ ಚೇಳೇ! ಅಲ್ಲೂ ಚೇಳು, ಇಲ್ಲೂ ಚೇಳು, ಜನ ಎರಡನ್ನೂ ಒಂದೇ ಮಾಡಿಬಿಡುವುದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನಗೆ ಅನಿಸುತ್ತದೆ. ತುರುಚೆ ಬೇರನ್ನು ಜ್ವರಕ್ಕೆ, ಚರ್ಮದ ತೊಂದರೆಗೆ ನಾಟಿ ವೈದ್ಯದಲ್ಲಿ ಬಳಸುತ್ತಾರೆ. ಆದರೆ ಅದು ತಿಳಿದ ವೈದ್ಯರ ಕೆಲಸ. ನೆಟಲ್ ಬಗ್ಗೆ ಓದಿದ್ದನ್ನೆಲ್ಲಾ ತುರುಚೆಗೆ ಹಚ್ಚುವ ಹಾಗಿಲ್ಲ.

ಇನ್ನು ಕೊಡಗು, ಮಲೆನಾಡಿನ ಕಾಡಿಗೆ ಹೋದರೆ ಅಗಲ ಎಲೆಯ ಒಂದು ದೊಡ್ಡ ಪೊದೆ ಸಿಗುತ್ತದೆ. ಆನೆ ತುರುಚೆ ಅಂತ ಕೆಲವರು ಕರೆಯುತ್ತಾರೆ. ಅದರ ಉರಿ ಗಂಟೆಗಳಲ್ಲಿ ಹೋಗುವುದಲ್ಲ, ದಿನಗಟ್ಟಲೆ ಇರುತ್ತದೆ, ನೀರು ಬಿದ್ದಾಗ ಮತ್ತೆ ಏಳುತ್ತದೆ. ಹತ್ತಿರ ಹೋಗಲೇಬೇಡಿ. ನೀಲಗಿರಿ ಕಡೆ ಇನ್ನೊಂದಿದೆ, ಅದರ ಎಲೆ ಆಳವಾಗಿ ಸೀಳಿರುತ್ತದೆ. ನೀಲಗಿರಿ ನೆಟಲ್ ಅಂತಲೇ ಅದರ ಹೆಸರು. ನೇಪಾಳದಲ್ಲಿ ಅದೇ ಜಾತಿಯ ನಾರು ತೆಗೆದು ಬಟ್ಟೆ ನೇಯುತ್ತಾರೆ. ನಸುಗುನ್ನಿ ಬಗ್ಗೆ ಹೇಳಬೇಕಿಲ್ಲ, ಅದು ಅವರೆ ಜಾತಿಯ ಬಳ್ಳಿ, ತುರಿಸುವುದು ಅದರ ಕಾಯಿ ಮೇಲಿನ ರೋಮ.

ಸುಲಭವಾದ ಒಂದು ಗುರುತು ಹೇಳುತ್ತೇನೆ, ಮನಸ್ಸಿನಲ್ಲಿಟ್ಟುಕೊಳ್ಳಿ. ನಿಜವಾದ ನೆಟಲ್‌ನಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ತುಳಸಿಯಲ್ಲಿ ಇರುವ ಹಾಗೆ. ತುರುಚೆ, ಆನೆ ತುರುಚೆ, ನೀಲಗಿರಿ ನೆಟಲ್, ಈ ಮೂರರಲ್ಲೂ ಎಲೆ ಒಂದು ಈ ಕಡೆ, ಒಂದು ಆ ಕಡೆ, ಒಂದಾದ ಮೇಲೊಂದು ಬರುತ್ತದೆ. ಜೋಡಿ ಎಲೆ, ನೆಟ್ಟಗೆ ನಿಂತ ಗಿಡ, ಕಾಂಡ ಹೆಚ್ಚುಕಡಿಮೆ ಚೌಕ, ಎಲೆಯ ಬುಡ ಹೃದಯದ ಆಕಾರ, ಅಂಚು ಗರಗಸದ ಹಲ್ಲು. ಇಷ್ಟೂ ಇದ್ದರೆ ಮಾತ್ರ ನೆಟಲ್ ಅಂತ ಯೋಚಿಸಿ. ಆಗಲೂ ಅಲ್ಲಿಯ ಜನರನ್ನು ಕೇಳದೆ ಕೀಳಬೇಡಿ.

ಕೈಗೆ ಉರಿ ಯಾಕೆ, ಬೆಂದ ಮೇಲೆ ಯಾಕಿಲ್ಲ

ಎಲೆ ಮೇಲೆ, ಕಾಂಡದ ಮೇಲೆ ಸಣ್ಣ ಸಣ್ಣ ರೋಮಗಳಿರುತ್ತವೆ. ಒಂದೊಂದೂ ಒಂದು ಸೂಜಿ. ತುದಿ ಗಾಜಿನ ಹಾಗೆ ಗಡಸು, ಸಿಲಿಕಾದಿಂದ ಆಗಿದ್ದು. ಕೈ ತಗುಲಿದರೆ ತುದಿ ಪಟ್ಟನೆ ಮುರಿದು ಚರ್ಮದೊಳಗೆ ಇಳಿಯುತ್ತದೆ, ಒಳಗಿನ ರಸ ಸುರಿಯುತ್ತದೆ. ಆ ರಸದಲ್ಲಿ ಹಿಸ್ಟಮಿನ್, ಅಸೆಟೈಲ್‌ಕೋಲಿನ್, ಸೆರೊಟೋನಿನ್, ಜೊತೆಗೆ ಇರುವೆಯಲ್ಲಿರುವಂಥ ಫಾರ್ಮಿಕ್ ಆಮ್ಲ ಇರುತ್ತವೆ. ಬಿಸಿನೀರಿಗೆ ಬಿದ್ದರೆ ಒಂದೆರಡು ನಿಮಿಷದಲ್ಲಿ ಸೂಜಿ ಮೆತ್ತಗಾಗಿ ರಸ ನೀರಿನಲ್ಲಿ ಕರಗಿ ಹೋಗುತ್ತದೆ. ಚೆನ್ನಾಗಿ ಒಣಗಿಸಿ ಪುಡಿ ಮಾಡಿದರೂ ಅಷ್ಟೇ. ಅದಕ್ಕೇ ಅಲ್ಲಿಯವರು ಇದನ್ನು ಪಾಲಕ್ ತಿಂದ ಹಾಗೆ ತಿನ್ನುತ್ತಾರೆ. ಟಿಬೆಟಿನ ಯೋಗಿ ಮಿಲರೇಪ ಗುಹೆಯಲ್ಲಿ ವರ್ಷಗಟ್ಟಲೆ ಈ ಸೊಪ್ಪನ್ನೇ ತಿಂದು ಮೈಯೆಲ್ಲಾ ಹಸಿರಾಯಿತು ಅಂತ ಕಥೆ ಇದೆ, ಚಿತ್ರಗಳಲ್ಲೂ ಅವರನ್ನು ಹಸಿರು ಬಣ್ಣದಲ್ಲೇ ಬರೆಯುತ್ತಾರೆ.

ಯಾವುದಕ್ಕೆ ಬಳಸುತ್ತಾರೆ, ಎಷ್ಟು ನಂಬಬಹುದು

ಆಮಾ ಹೇಳುತ್ತಿದ್ದುದು ಒಂದೇ ಮಾತು, ಇದು ಚಳಿಗಾಲದ ಊಟ. ರಕ್ತಕ್ಕೆ ಒಳ್ಳೆಯದು, ಮೂಳೆಗೆ ಒಳ್ಳೆಯದು, ಬಾಣಂತಿಗೆ ಕೊಡುತ್ತೇವೆ, ಮೈ ಬೆಚ್ಚಗಿಡುತ್ತದೆ. ನನಗೂ ಅದೇ ಸರಿ ಅನಿಸುತ್ತದೆ. ಮೊದಲು ಇದು ಸೊಪ್ಪು, ಆಮೇಲೆ ಔಷಧಿ.

ಬೇಯಿಸಿದ 100 ಗ್ರಾಂ ನೆಟಲ್ ಸೊಪ್ಪಿನಲ್ಲಿ ಸುಮಾರು 480 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 100 ಮಿಲಿ ಹಾಲಿನಲ್ಲಿ ಇರುವುದು ಸುಮಾರು 120. ಅಂದರೆ ನಾಲ್ಕು ಪಟ್ಟು. ನಾರಿನಂಶ ಸುಮಾರು 7 ಗ್ರಾಂ. ಆದರೆ ಕಬ್ಬಿಣದ ವಿಚಾರದಲ್ಲಿ ಎಲ್ಲರೂ ಸುಮ್ನೆ ಜಾಸ್ತಿ ಹೇಳುತ್ತಾರೆ. 100 ಗ್ರಾಂನಲ್ಲಿ ಇರುವುದು 1.6 ಮಿಲಿಗ್ರಾಂ ಅಷ್ಟೇ. ರಕ್ತ ಕಡಿಮೆ ಇದೆ ಅಂತ ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ ಅದನ್ನು ಬಿಟ್ಟು ಇದನ್ನು ನಂಬಬೇಡಿ. ಸೊಪ್ಪಿನ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟ ಆದ ತಕ್ಷಣ ಕಾಫಿ, ಟೀ ಕುಡಿಯಬೇಡಿ, ಇರುವ ಕಬ್ಬಿಣವಾದರೂ ಮೈಗೆ ಹತ್ತುತ್ತದೆ.

ಕೀಲುನೋವು. ಚುಚ್ಚುವ ಎಲೆಯನ್ನೇ ನೋವಿನ ಜಾಗಕ್ಕೆ ಒತ್ತಿಕೊಳ್ಳುವುದು ಯುರೋಪಿನಲ್ಲೂ ಬಹಳ ಹಳೆಯ ಪದ್ಧತಿ. 2000ರಲ್ಲಿ ಇಂಗ್ಲೆಂಡಿನಲ್ಲಿ ಹೆಬ್ಬೆರಳಿನ ಬುಡದ ಕೀಲು ನೋಯುತ್ತಿದ್ದ 27 ಜನರ ಮೇಲೆ ಪರೀಕ್ಷೆಯನ್ನೂ ಮಾಡಿದರು. ಒಂದು ವಾರ ದಿನಾ ಚುಚ್ಚುವ ಎಲೆ, ಮಧ್ಯೆ ಬಿಡುವು ಕೊಟ್ಟು ಇನ್ನೊಂದು ವಾರ ನೋಡಲು ಹಾಗೇ ಇರುವ, ಚುಚ್ಚದ ಎಲೆ. ಚುಚ್ಚುವ ಎಲೆಯ ವಾರದಲ್ಲಿ ನೋವು ಜಾಸ್ತಿ ಇಳಿಯಿತು. ದೊಡ್ಡಪ್ಪ ನೋಡಿದ ವಿಡಿಯೋದ ಮೂಲ ಇಂಥದ್ದೇ ಇರಬೇಕು. ಆದರೆ ನೋಡಿ, 27 ಜನ, ಹೆಬ್ಬೆರಳು, ಒಂದು ಎಲೆ, ಅದೂ ಅರ್ಟಿಕಾ ಡಯೋಯಿಕಾ. ಇದಕ್ಕೂ ಎರಡು ಮಂಡಿಗೂ ಒಂದು ಹಿಡಿ ತುರುಚೆ ಬಳ್ಳಿ ಉಜ್ಜುವುದಕ್ಕೂ ಏನು ಸಂಬಂಧ? ಸಣ್ಣ ಕೀಲುನೋವಿಗೆ ಎಲೆಯ ಕಷಾಯ ಕುಡಿಯುವ ರೂಢಿಯೂ ಇದೆ, ಯುರೋಪಿನ ಔಷಧ ಸಂಸ್ಥೆ ಅದನ್ನು ಸಾಂಪ್ರದಾಯಿಕ ಬಳಕೆ ಅಂತ ಒಪ್ಪಿದೆ. ಸಾಂಪ್ರದಾಯಿಕ ಅಂದರೆ ಬಹಳ ಕಾಲದಿಂದ ಬಳಸಿಕೊಂಡು ಬಂದಿದ್ದಾರೆ ಅಂತ. ಗುಣವಾಗೇ ಆಗುತ್ತದೆ ಅಂತ ಸಾಬೀತಾಗಿದೆ ಎಂದಲ್ಲ.

ಮೂತ್ರದ ತೊಂದರೆ. ಇಲ್ಲಿ ಎಲೆ ಬೇರೆ, ಬೇರು ಬೇರೆ ಅಂತ ತಿಳಿಯಬೇಕು. ಎಲೆಯ ಕಷಾಯ ಮೂತ್ರ ಸಲೀಸಾಗಿ ಹೋಗುವ ಹಾಗೆ ಮಾಡುತ್ತದೆ, ಜೊತೆಗೆ ನೀರು ಚೆನ್ನಾಗಿ ಕುಡಿಯಬೇಕು. ಬೇರು ಬಳಕೆಯಲ್ಲಿರುವುದು ಗಂಡಸರ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದಾಗ. ವಯಸ್ಸಾದ ಮೇಲೆ ರಾತ್ರಿ ಮೂರು ನಾಲ್ಕು ಸಲ ಏಳುವುದು, ಧಾರೆ ಸಣ್ಣಗಾಗುವುದು ಆಗುತ್ತದಲ್ಲ, ಅದಕ್ಕೆ. ಜರ್ಮನಿಯಲ್ಲಿ ಇದಕ್ಕೆ ಅನುಮತಿ ಇದೆ. 2005ರಲ್ಲಿ ಇರಾನಿನಿಂದ ಬಂದ, 600ಕ್ಕೂ ಹೆಚ್ಚು ಗಂಡಸರ ಮೇಲೆ ಆರು ತಿಂಗಳು ನಡೆಸಿದ ಪರೀಕ್ಷೆಯಲ್ಲಿ ಬೇರಿನ ಔಷಧಿ ತೆಗೆದುಕೊಂಡವರ ತೊಂದರೆ ಕಡಿಮೆಯಾಯಿತು. ಗ್ರಂಥಿ ಹೆಚ್ಚೇನೂ ಚಿಕ್ಕದಾಗುವುದಿಲ್ಲ, ಉಪದ್ರವ ಇಳಿಯುತ್ತದೆ ಅಷ್ಟೇ. ಇದನ್ನು ಮಾತ್ರ ದಯವಿಟ್ಟು ನೀವೇ ಶುರು ಮಾಡಬೇಡಿ. ಇದೇ ಲಕ್ಷಣ ಕ್ಯಾನ್ಸರ್‌ನಲ್ಲೂ ಬರಬಹುದು. ಮೊದಲು ಡಾಕ್ಟರ್ ನೋಡಲಿ, ಪಿಎಸ್‌ಎ ಅನ್ನುವ ರಕ್ತದ ಪರೀಕ್ಷೆ ಬೇಕು ಅಂದರೆ ಅದೂ ಆಗಲಿ, ಆಮೇಲೆ ಬೇರಿನ ಮಾತು. ನಮ್ಮ ಕಡೆ ಗಂಡಸರು ಇದನ್ನು ಹೇಳಿಕೊಳ್ಳಲು ನಾಚಿಕೊಂಡು ವರ್ಷಗಟ್ಟಲೆ ತಡೆದುಕೊಳ್ಳುತ್ತಾರೆ. ಮನೆಯವರೇ ಮಾತು ತೆಗೆಯಬೇಕು.

ಮೂಗು ಸೋರುವುದು, ಸೀನು, ಅಲರ್ಜಿ. ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ಮೈಸೂರಿನಲ್ಲಿ ಎಷ್ಟು ಜನ ಒದ್ದಾಡುತ್ತಾರೆ ಅಲ್ವಾ. 1990ರಲ್ಲಿ ಸುಮಾರು 70 ಜನರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಸ್ವಲ್ಪ ಅನುಕೂಲ ಕಂಡಿತು. ಆದರೆ ಅವರು ಬಳಸಿದ್ದು ಶೈತ್ಯದಲ್ಲಿ ಒಣಗಿಸಿ ಮಾಡಿದ ಗುಳಿಗೆ, ಮನೆಯ ಕಷಾಯ ಅಲ್ಲ. ಸಕ್ಕರೆ ಕಾಯಿಲೆಗೂ ಸಣ್ಣ ಸಣ್ಣ ಪರೀಕ್ಷೆಗಳಾಗಿವೆ, ಸಕ್ಕರೆ ಇಳಿಯಬಹುದು ಅಂತ ತೋರುತ್ತದೆ. ಆದ್ದರಿಂದಲೇ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಹುಷಾರಾಗಿರಬೇಕು. ಕೂದಲಿಗೆ ಹಾಕಿದರೆ ಉದುರುವುದು ನಿಲ್ಲುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆರಿದ ಕಷಾಯದಲ್ಲಿ ತಲೆ ತೊಳೆದುಕೊಂಡರೆ ನಷ್ಟವೂ ಇಲ್ಲ.

ಯಾರು ಮುಟ್ಟಬಾರದು

ಹೃದಯದ ಕವಾಟ ಬದಲಾಯಿಸಿಕೊಂಡವರು, ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ನುಂಗುವವರು. ಇವರಿಗೆ ಇದು ದೊಡ್ಡ ಎಚ್ಚರಿಕೆ. ಬೇಯಿಸಿದ 100 ಗ್ರಾಂ ಸೊಪ್ಪಿನಲ್ಲಿ ವಿಟಮಿನ್ ಕೆ ಸುಮಾರು 500 ಮೈಕ್ರೋಗ್ರಾಂ ಇದೆ, ದಿನಕ್ಕೆ ಬೇಕಾಗುವುದಕ್ಕಿಂತ ನಾಲ್ಕು ಪಟ್ಟು. ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೇ ಅಡ್ಡ ಬರುತ್ತದೆ. ಒಂದು ದಿನ ರಾಶಿ ಸೊಪ್ಪು ತಿಂದು, ಮಾರನೇ ದಿನ ಬಿಟ್ಟರೆ ರಕ್ತ ಹೆಪ್ಪುಗಟ್ಟುವ ಲೆಕ್ಕ ಏರುಪೇರಾಗುತ್ತದೆ.

ಹೃದಯ ಅಥವಾ ಕಿಡ್ನಿ ತೊಂದರೆಯಿಂದ ನೀರು ಕಡಿಮೆ ಕುಡಿಯಿರಿ ಅಂತ ಹೇಳಿಸಿಕೊಂಡವರಿಗೂ ಇದು ಬೇಡ. ಬಸುರಿಯರು, ಹಾಲೂಡಿಸುವವರು ಔಷಧಿ ಲೆಕ್ಕದಲ್ಲಿ ತೆಗೆದುಕೊಳ್ಳಬೇಡಿ. ಬೆಟ್ಟದಲ್ಲಿ ಬಾಣಂತಿಗೆ ಕೊಡುತ್ತಾರೆ, ನಿಜ, ಆದರೆ ಅವರು ಹುಟ್ಟಿದಾಗಿಂದ ತಿಂದವರು. 12 ವರ್ಷದೊಳಗಿನ ಮಕ್ಕಳಿಗೆ ಕಷಾಯ ಬೇಡ. ಬಿಪಿ ಮಾತ್ರೆ, ಮೂತ್ರ ಹೋಗಲು ಮಾತ್ರೆ, ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆ ಡಬ್ಬಿ ಸಮೇತ ಹೋಗಿ ಡಾಕ್ಟರನ್ನು ಕೇಳಿ. "ಬಿಚ್ಚು ಘಾಸ್" ಅಂದರೆ ಅವರಿಗೆ ಗೊತ್ತಾಗದಿರಬಹುದು, "ಸ್ಟಿಂಗಿಂಗ್ ನೆಟಲ್" ಅನ್ನಿ.

ತರಿಸುವುದು ಹೇಗೆ

ನಮಗೆ ಸಿಗುವುದು ಒಣ ಎಲೆ. ಉತ್ತರಾಖಂಡ, ಹಿಮಾಚಲದಿಂದ ಬಿಚ್ಚು ಘಾಸ್ ಚಹಾ, ಕಂಡಾಳಿ ಚಹಾ ಅಂತ ಪ್ಯಾಕೆಟ್ ಬರುತ್ತದೆ. ಕೇದಾರ, ಬದರಿಗೆ ಹೋಗುವವರು ಯಾರಾದರೂ ಇದ್ದರೆ ಅವರಿಗೆ ಹೇಳಿ ತರಿಸಬಹುದು. ಪ್ಯಾಕೆಟ್ ಮೇಲೆ ಅರ್ಟಿಕಾ ಡಯೋಯಿಕಾ ಅಂತ ಇದೆಯಾ, ಎಲೆಯಾ ಬೇರಾ ಅಂತ ನೋಡಿ. ಬರೀ "ನೆಟಲ್" ಅಂತ ಇದ್ದರೆ ನಾನು ತೆಗೆದುಕೊಳ್ಳುವುದಿಲ್ಲ. ದೇವರಾಜ ಮಾರುಕಟ್ಟೆಯ ಕಡೆ ಗ್ರಂಥಿಗೆ ಅಂಗಡಿಯಲ್ಲಿ ಕೇಳುವುದಾದರೆ ಕನ್ನಡದಲ್ಲಿ ತುರುಚೆ ಅಂತ ಕೇಳಬೇಡಿ. ಅವರು ನೀವು ಕೇಳಿದ್ದನ್ನೇ ಕೊಡುತ್ತಾರೆ, ಅಂದರೆ ನಮ್ಮ ತುರುಚೆಯನ್ನೇ. ಪುಡಿಗಿಂತ ಎಲೆ ವಾಸಿ. ಒಣಗಿದ ಮೇಲೂ ಹಸಿರು ಬಣ್ಣ ಇರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ, ಮುಗ್ಗಲು ವಾಸನೆ ಬಂದರೆ ಬೇಡ. ಗಾಜಿನ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ ಇಡಿ.

ಕುಂಡದಲ್ಲಿ ಬೆಳೆಯಬಹುದಾ ಅಂತ ಕೇಳುತ್ತಾರೆ. ಬೇಡ. ನಮ್ಮ ಏಪ್ರಿಲ್ ಬಿಸಿಲು ಅದಕ್ಕೆ ಆಗುವುದಿಲ್ಲ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಬೆಟ್ಟಕ್ಕೆ ಹೋದಾಗ ಹಸಿ ಸೊಪ್ಪು ಕೀಳುವುದಾದರೆ

ಎಳೆಯ ಕುಡಿ ಮಾತ್ರ. ತುದಿಯ ನಾಲ್ಕರಿಂದ ಆರು ಎಲೆ ಸಾಕು. ಹೂ ಬಂದ ಗಿಡದ ಎಲೆ ಬೇಡ, ಬಲಿತ ಎಲೆಯಲ್ಲಿ ಸುಣ್ಣದ ಸಣ್ಣ ಹರಳು ಕಟ್ಟುತ್ತದೆ, ಮೂತ್ರಕ್ಕೆ ಕಿರಿಕಿರಿ ಮಾಡಬಹುದು. ರಸ್ತೆ ಪಕ್ಕದ್ದು, ಚರಂಡಿ ಪಕ್ಕದ್ದು ಬಿಡಿ. ಆಮಾ ಬರಿಗೈಯಲ್ಲಿ ಮುಟ್ಟುತ್ತಲೇ ಇರಲಿಲ್ಲ, ಒಲೆಯ ಇಕ್ಕಳದಲ್ಲಿ ಕುಡಿ ಹಿಡಿದು, ಇನ್ನೊಂದು ಕೈಯ ಕುಡುಗೋಲಲ್ಲಿ ಕೊಯ್ದು ಬುಟ್ಟಿಗೆ ಹಾಕುತ್ತಿದ್ದರು. ನಾವು ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಳ್ಳಬಹುದು. ತೆಳ್ಳನೆಯ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡರೆ ಸಾಲದು, ಸೂಜಿ ತೂರಿಕೊಂಡು ಬರುತ್ತದೆ. ಉದ್ದ ತೋಳಿನ ಅಂಗಿ ಇರಲಿ. ಮನೆಗೆ ತಂದ ಮೇಲೆ ಅಗಲ ಪಾತ್ರೆಯ ನೀರಿನಲ್ಲಿ ಇಕ್ಕಳದಿಂದಲೇ ಎರಡು ಮೂರು ಸಲ ಅದ್ದಿ ತೆಗೆಯಿರಿ.

ಬಸ್ಸಾರು ಮಾಡುವುದು

ಇದು ನನಗೆ ಬಹಳ ಇಷ್ಟವಾದ ಭಾಗ. ಕುಮಾವ್‌ನಲ್ಲಿ ಸಿಸೂಣ್ ಸೊಪ್ಪನ್ನು ಮಡುವಾ ರೊಟ್ಟಿಯ ಜೊತೆ ತಿನ್ನುತ್ತಾರೆ. ಮಡುವಾ ಅಂದರೆ ಏನು ಗೊತ್ತಾ, ನಮ್ಮ ರಾಗಿ! ಮೊದಲ ದಿನ ಆಮಾ ಆ ಕಪ್ಪು ರೊಟ್ಟಿ ತಟ್ಟೆಗೆ ಹಾಕಿದಾಗ ಅಕ್ಕ, ನಾನು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮಂಡ್ಯ ಬಿಟ್ಟು ಅಷ್ಟು ದೂರ ಬಂದರೂ ರಾಗಿ ಸಿಕ್ಕಿತ್ತು. ಒಗ್ಗರಣೆಗೆ ಅವರು ಹಾಕುವುದು ಜಖಿಯಾ, ಅದೂ ನಮ್ಮ ಹೊಲದಲ್ಲಿ ಕಳೆ ಅಂತ ಕಿತ್ತೆಸೆಯುವ ನಾಯಿ ಸಾಸಿವೆಯ ಬೀಜ. ಮಾರನೇ ದಿನ ಅಕ್ಕ ಅದೇ ರಾಗಿ ಹಿಟ್ಟಿನಲ್ಲಿ ಮುದ್ದೆ ತಿರುವಿ, ಸಿಸೂಣ್ ಹಾಕಿ ಬಸ್ಸಾರು ಮಾಡಿ ಆಮಾಗೆ ಬಡಿಸಿದಳು.

ಬಸ್ಸಾರೇ ಯಾಕೆ ಅಂದರೆ, ಸೊಪ್ಪು ಬೆಂದ ನೀರನ್ನು ನಾವು ಚೆಲ್ಲುವುದಿಲ್ಲ. ಸೊಪ್ಪಿನ ಸಾರವೆಲ್ಲಾ ಕಟ್ಟಿನಲ್ಲಿ ಇಳಿದಿರುತ್ತದೆ, ಆ ಕಟ್ಟೇ ಸಾರಾಗುತ್ತದೆ. ಈ ಸೊಪ್ಪಿಗೆ ಇದಕ್ಕಿಂತ ಒಳ್ಳೆಯ ಅಡುಗೆ ನನಗೆ ಗೊತ್ತಿಲ್ಲ.

ನಾಲ್ಕು ಜನಕ್ಕೆ ಅರ್ಧ ಲೋಟ ತೊಗರಿಬೇಳೆ, ಒಂದು ಹಿಡಿ ಅಲಸಂದೆ ಕಾಳು. ಕಾಳು ಹಿಂದಿನ ರಾತ್ರಿ ನೆನೆಸಿ. ಎರಡನ್ನೂ ಜಾಸ್ತಿ ನೀರಿಟ್ಟು ತೆರೆದ ಪಾತ್ರೆಯಲ್ಲಿ ಬೇಯಿಸಿ. ಬೇಳೆ ಮುಕ್ಕಾಲು ಬೆಂದಾಗ ಹಸಿ ಸೊಪ್ಪಾದರೆ ಎರಡು ದೊಡ್ಡ ಹಿಡಿ, ಇಕ್ಕಳದಲ್ಲಿ ಹಿಡಿದು ಕುದಿಯುವ ನೀರಿಗೆ ಮುಳುಗಿಸಿ. ಎರಡು ನಿಮಿಷದಲ್ಲಿ ಚುಚ್ಚುವುದು ಹೋಗುತ್ತದೆ, ನಾನು ಎಂಟು ಹತ್ತು ನಿಮಿಷ ಬೇಯಿಸುತ್ತೇನೆ. ಒಣ ಎಲೆಯಾದರೆ 15 ಗ್ರಾಂನಷ್ಟು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ನೀರು ಸಮೇತ ಹಾಕಿ. ಬರೀ ಒಣ ಎಲೆಯಲ್ಲಿ ಪಲ್ಯಕ್ಕೆ ಮೈ ಸಿಗುವುದಿಲ್ಲ, ಅದಕ್ಕೆ ಮೈಸೂರಿನಲ್ಲಿ ನಾನು ಒಂದು ಕಟ್ಟು ದಂಟಿನ ಸೊಪ್ಪು ಜೊತೆಗೆ ಸೇರಿಸುತ್ತೇನೆ. ಉಪ್ಪು ಹಾಕಿ, ಬೇಳೆ ಒಡೆದು ಹೋಗುವ ಮುಂಚೆ ಬಸಿಯಿರಿ.

ಖಾರಕ್ಕೆ ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ ಎಣ್ಣೆಯಲ್ಲಿ ಕೆಂಪಗೆ ಹುರಿದು, ಅರ್ಧ ಹೋಳು ಕಾಯಿತುರಿ, ಎರಡು ಚಮಚ ಸಾರಿನ ಪುಡಿ, ನಿಂಬೆ ಗಾತ್ರದ ಹುಣಸೆಹಣ್ಣು, ನಾಲ್ಕು ಮೆಣಸಿನ ಕಾಳು. ಬಸಿದ ಸೊಪ್ಪು ಕಾಳಿನಲ್ಲೇ ಒಂದು ಹಿಡಿ ತೆಗೆದು ಇದಕ್ಕೆ ಹಾಕಿ ರುಬ್ಬಿ, ಸಾರು ಮಂದವಾಗುತ್ತದೆ. ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸಿ. ಕರಿಬೇವು, ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ. ಮಿಕ್ಕ ಸೊಪ್ಪು ಕಾಳಿಗೆ ಬೇರೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಬಿಸಿ ಮುದ್ದೆ, ಮೇಲೆ ನಿಂಬೆಹಣ್ಣು. ರುಚಿ ಪಾಲಕ್‌ಗಿಂತ ಗಟ್ಟಿ, ನುಗ್ಗೆ ಸೊಪ್ಪಿನಷ್ಟು ಒಗರಲ್ಲ.

ಮೊದಲ ಸಲ ತಿನ್ನುವವರು ಎರಡು ತುತ್ತು ತಿಂದು ಒಂದು ದಿನ ನೋಡಿ. ಹೊಟ್ಟೆ ತೊಳೆಸುವುದು, ಮೈ ಮೇಲೆ ಗಂಧೆ ಏಳುವುದು ಕಂಡರೆ ನಿಮಗೆ ಇದು ಆಗುವುದಿಲ್ಲ.

ಒಣ ಎಲೆಯ ಪುಡಿಯನ್ನು ಅಕ್ಕಿರೊಟ್ಟಿ ಹಿಟ್ಟಿಗೆ, ಚಟ್ನಿಪುಡಿಗೆ ಒಂದೊಂದು ಚಮಚ ಹಾಕಬಹುದು, ಯಾರಿಗೂ ಗೊತ್ತೇ ಆಗುವುದಿಲ್ಲ.

ಕಷಾಯ

ಒಂದು ಸಲಕ್ಕೆ ಒಣ ಎಲೆ 2 ಗ್ರಾಂ, ಅಂದಾಜು ಎರಡು ಟೀ ಚಮಚ. 150 ಮಿಲಿ ಕುದಿಯುವ ನೀರು ಹುಯ್ದು, ಮುಚ್ಚಿ, ಹತ್ತು ನಿಮಿಷ ಬಿಟ್ಟು ಸೋಸಿ. ಒಲೆ ಮೇಲೆ ಗಂಟೆಗಟ್ಟಲೆ ಕುದಿಸಬೇಡಿ. ಯುರೋಪಿನಲ್ಲಿ ಸಲಕ್ಕೆ 2ರಿಂದ 4 ಗ್ರಾಂ ಲೆಕ್ಕದಲ್ಲಿ ದಿನಕ್ಕೆ ಮೂರು ಸಲದ ಮೇಲೂ ಕುಡಿಯುತ್ತಾರೆ. ನಮಗೆ ಹೊಸದು, ದಿನಕ್ಕೆ ಒಂದರಿಂದ ಶುರು ಮಾಡಿ ಎರಡಕ್ಕೆ ನಿಲ್ಲಿಸಿ. ಸಂಜೆ ಆರರ ಮೇಲೆ ಬೇಡ, ರಾತ್ರಿಯೆಲ್ಲಾ ಏಳಬೇಕಾಗುತ್ತದೆ. ಸ್ವಲ್ಪ ಶುಂಠಿ, ಚೂರು ಬೆಲ್ಲ ಹಾಕಿದರೆ ಹುಲ್ಲಿನ ವಾಸನೆ ಹೋಗುತ್ತದೆ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಿ. ನಾಲ್ಕು ವಾರಕ್ಕಿಂತ ಜಾಸ್ತಿ ಒಂದೇ ಸಮ ಕುಡಿಯಬೇಡಿ. ಮೂತ್ರದಲ್ಲಿ ರಕ್ತ, ಜ್ವರ, ಉರಿ ಇದ್ದರೆ, ಕೀಲು ಊದಿ ಕೆಂಪಾಗಿ ಬಿಸಿಯಾಗಿದ್ದರೆ ಕಷಾಯ ಕುಡಿದು ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಚುಚ್ಚಿಸಿಕೊಂಡರೆ ಏನು ಮಾಡಬೇಕು

ನೆಟಲ್ ಆಗಲಿ, ನಮ್ಮ ತುರುಚೆ ಆಗಲಿ, ಮೊದಲು ಮಾಡಬೇಕಾದದ್ದು ಒಂದೇ: ಉಜ್ಜಬೇಡಿ, ಕೆರೆಯಬೇಡಿ. ಕೆರೆದಷ್ಟೂ ಸೂಜಿ ಒಳಗೆ ಇಳಿಯುತ್ತದೆ. ಚಿಕ್ಕಂದಿನಲ್ಲಿ ನಾವು ಸಗಣಿ, ಗದ್ದೆ ಮಣ್ಣು ಮೆತ್ತಿಕೊಳ್ಳುತ್ತಿದ್ದೆವು. ತಂಪು ಅನಿಸುತ್ತಿತ್ತು, ಆದರೆ ಗಾಯವಾದ ಚರ್ಮಕ್ಕೆ ಅದು ಒಳ್ಳೆಯದಲ್ಲ. ಆಗುವುದಾದರೆ ಹತ್ತು ನಿಮಿಷ ಹಾಗೇ ಬಿಟ್ಟು ರಸ ಒಣಗಲಿ, ಆಮೇಲೆ ಸೋಪು ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಅಂಟಿಸುವ ಟೇಪನ್ನು ಜಾಗದ ಮೇಲೆ ಒತ್ತಿ ಎಳೆದರೆ ಉಳಿದ ರೋಮ ಬರುತ್ತದೆ. ತಣ್ಣೀರು ಬಟ್ಟೆ ಇಡಿ. ನೆಟಲ್ ಉರಿ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ಇಳಿಯುತ್ತದೆ. ಬೊಬ್ಬೆ ಎದ್ದರೆ ಒಡೆಯಬೇಡಿ. ತುಟಿ, ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆ.

ಸಿಗದಿದ್ದರೆ

ಚಿಂತೆ ಬೇಡ. ನೆಟಲ್‌ನ ಕ್ಯಾಲ್ಸಿಯಂ ನೋಡಿ ಆಸೆಪಟ್ಟವರು ಒಮ್ಮೆ ಹಿತ್ತಲಿಗೆ ಹೋಗಿ ನೋಡಿ. ನುಗ್ಗೆ ಸೊಪ್ಪಿನ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೇಲಿದೆ, ಕಬ್ಬಿಣ ನೆಟಲ್‌ಗಿಂತ ಜಾಸ್ತಿ. ಅಗಸೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ನೆಟಲ್‌ಗಿಂತ ಹೆಚ್ಚು. ರಾಗಿಯಲ್ಲೂ 300ಕ್ಕೂ ಮೇಲೆ. ಮೂಳೆಗೆ, ಊಟಕ್ಕೆ ಅಂತಾದರೆ ಇವು ಸಾಕು, ದುಡ್ಡು ಕೊಟ್ಟು ತರಿಸಲೇಬೇಕು ಅಂತ ಏನೂ ಇಲ್ಲ.

ದೊಡ್ಡಪ್ಪನ ಮಂಡಿ ವಾಸಿಯಾಗಲು ಹತ್ತು ದಿನ ಹಿಡಿಯಿತು. ಆಮೇಲೆ ಡಾಕ್ಟರನ್ನು ಕೇಳಿಕೊಂಡು, ನಾನು ತರಿಸಿದ ಎಲೆಯಲ್ಲಿ ದಿನಕ್ಕೊಂದು ಲೋಟ ಕಷಾಯ ಕುಡಿದರು, ಜೊತೆಗೆ ಹೇಳಿಕೊಟ್ಟ ವ್ಯಾಯಾಮವನ್ನೂ ಮಾಡುತ್ತಿದ್ದರು. ನೋವು ಸ್ವಲ್ಪ ಕಡಿಮೆ ಅಂತಾರೆ, ಕಷಾಯದಿಂದಲೋ ವ್ಯಾಯಾಮದಿಂದಲೋ ನಾನು ಹೇಳಲಾರೆ. ಮೊನ್ನೆ ಫೋನ್ ಮಾಡಿ "ಎಲೆ ಮುಗೀತು, ಇನ್ನೊಂದು ಪ್ಯಾಕೆಟ್ ತರ್ಸು" ಅಂದರು. ನಾಲ್ಕು ವಾರ ಆಯಿತಲ್ಲ ದೊಡ್ಡಪ್ಪ, ಸ್ವಲ್ಪ ದಿನ ಬಿಡಿ ಅಂದೆ. "ಹಂಗಾರೆ ಭಾನ್ವಾರ ಬಾ, ನಿಮ್ ದೊಡ್ಡಮ್ಮ ನುಗ್ಗೆ ಸೊಪ್ಪಿನ ಬಸ್ಸಾರು ಮಾಡ್ತಾಳೆ" ಅಂದರು.